ಕಳಕಪ್ಪನ ಹಾಡು ನಿಲ್ಲಿಸಿದ ರತ್ನವ್ವ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರತ್ನವ್ವ ಆಗಲೇ ರಾಟೆಯ ಮುಂದೆ ಕೂತಿದ್ದಾಳೆ. ಬಲಗೈ ಚಕ್ರ ತಿರುಗಿಸುತ್ತದೆ. ಎಡಗೈ ಬೆರಳ ಸಂದಿಯಿಂದ ಕೆಂಪು ರೇಷ್ಮೆ ಹಾಯ್ದು ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಿಕೊಳ್ಳುತ್ತದೆ. ಲಾಳಿಯ ಹೊಟ್ಟೆಯಲ್ಲಿ ಈ ಕಂಡಿಕೆ ಕೂರದಿದ್ದರೆ ಸೀರೆ ಒಂದು ಗೇಣೂ ಮುಂದೆ ಸಾಗದು. ಆದರೂ ಕೊಳ್ಳುವವರು ಕೇಳುವುದು ನೇಯ್ದವನ ಹೆಸರನ್ನು. ಸುತ್ತಿದವಳ ಹೆಸರನ್ನು ಮೂವತ್ತು ವರ್ಷಗಳಲ್ಲಿ ಯಾರೂ ಕೇಳಿಲ್ಲ.

ಅವಳ ಕಿವಿ ಮಾತ್ರ ರಾಟೆಯ ಕಡೆ ಇಲ್ಲ. ಪಡಸಾಲೆಯ ಮೂಲೆಯಲ್ಲಿ ಗಂಡ ಕಳಕಪ್ಪ, ನಿಂತಲ್ಲೇ ನಿಂತಿರುವ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದಾನೆ. ಅವನ ಉಸಿರಿನ ಸದ್ದು ತುಸು ತಗ್ಗಿದರೆ ಸಾಕು, "ಏನ್ರಿ, ನಿದ್ದಿ ಹತ್ತಿತೇನು?" ಎಂದು ಕೂಗುತ್ತಾಳೆ.

ಕಳೆದ ವರ್ಷ, ೨೦೦೩ರ ಬೇಸಿಗೆಯಲ್ಲಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಾಗಲೇ ಕಳಕಪ್ಪನ ಎದೆ ಹಿಡಿದುಕೊಂಡಿತು. "ದಿನಾ ಕಾಲಿಲೆ ಮಗ್ಗ ತುಳಿಯಾಂವಗ ಹಾರ್ಟ್ ಅಟ್ಯಾಕ್! ಬ್ಯಾರೇದವ್ರ ಚೀಟಿ ಇರಬೇಕು, ಮತ್ತೊಮ್ಮಿ ನೋಡ್ರಿ ಅಂತ ಡಾಕ್ಟರಿಗೇ ಅಂದೆ" ಎನ್ನುತ್ತಾಳೆ ರತ್ನವ್ವ. ಕುಣಿಯಲ್ಲಿ ಕಾಲು ಆಡುತ್ತದೆ, ಎದೆಗೆ ಸಾಕಷ್ಟು ಕೆಲಸ ಬೀಳುವುದಿಲ್ಲ ಎಂದರು ವೈದ್ಯರು. ದಿನಾ ಬಿರುಸಾಗಿ ನಡೆಯಲು ಹೇಳಿದರು. ಕಳಕಪ್ಪ ಒಪ್ಪಲಿಲ್ಲ: "ಕೆಲಸಿಲ್ದ ಓಣಿ ತುಂಬ ಅಡ್ಡಾಡಿದ್ರ ಮಂದಿ ಏನಂದಾರು?"

ಹಾಗಾದರೆ ಮನೆಗೇ ಒಂದು ಯಂತ್ರ ತರಬೇಕು. ರತ್ನವ್ವ ಬಾಗಲಕೋಟೆಯ ಅಂಗಡಿಗೆ ಹೋದಳು. "ನಡಿಯೂ ಮಶೀನ್ ಮ್ಯಾಲ ನಿಂತೆ. ಕಾಲಕೆಳಗಿನ ನೆಲಾನ ಓಡಾಕ ಹತ್ತಿತು! ಚೀರಿ ಕೆಳಗ ಜಿಗದೆ. ರೇಟ್ ಕೇಳಿ ಮತ್ತೊಮ್ಮಿ ಜಿಗದೆ." ಮೇಲಾಗಿ, ಹೊತ್ತಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗುವ ಊರಿಗೆ ಅದು ಬರುವಂಥದ್ದಲ್ಲ. ಮೆಟ್ಟಿಲು ಹತ್ತಿದಂತೆ ತುಳಿಯುವ ಯಂತ್ರಕ್ಕೆ ಕಳಕಪ್ಪನ ಮೊಣಕಾಲು ತಡೆಯುತ್ತಿರಲಿಲ್ಲ. ಉಳಿದದ್ದು ಸೈಕಲ್. ಹೊಸದು ಕೈಗೆಟುಕಲಿಲ್ಲ. ಬಾಗಲಕೋಟೆಯದೇ ನವನಗರದ ಮನೆಯೊಂದರಲ್ಲಿ ಟವೆಲ್ ಒಣಗಿಸಲು ನಿಲ್ಲಿಸಿದ್ದ ಹಳೆಯದೊಂದು ಸಿಕ್ಕಿತು. ಬಸ್ಸಿನ ಮೇಲೆ ಹಗ್ಗ ಕಟ್ಟಿ ತಂದರು.

ತಂದ ಮೇಲೆ ಹೊಸ ತಕರಾರು. ನೂಲಿಲ್ಲದ ಮಗ್ಗ ತುಳಿಯಬಾರದು ಎಂಬುದು ಈ ಮನೆಯ ನಂಬಿಕೆ. ಸೈಕಲ್ಲೂ ತುಳಿಯುವುದೇ ತಾನೆ? "ಖಾಲಿ ತುಳಿಯೂದು ಅಪಶಕುನ" ಎಂದು ಕಳಕಪ್ಪ ಹಟ ಹಿಡಿದ. ರತ್ನವ್ವ ಪಕ್ಕದ ಸೈಕಲ್ ಅಂಗಡಿಯ ಮಲೀಕಸಾಬನನ್ನು ಕರೆತಂದು, ಸೈಕಲ್ಲಿನ ಚಕ್ರಕ್ಕೆ ಪಟ್ಟಿ ಹಾಕಿಸಿ, ಹ್ಯಾಂಡಲ್ ಮುಂದೆ ಕಂಡಿಕೆ ಸುತ್ತುವ ಕದಿರು ಕೂರಿಸಿದಳು. ಕಳಕಪ್ಪ ಬೆರಳಲ್ಲಿ ರೇಷ್ಮೆ ಹಿಡಿದು, ಭಜನೆ ಹಾಡುತ್ತ ತುಳಿಯತೊಡಗಿದ. "ಎರಡೂ ಕೆಲಸ ಆದ್ವು ಅಂತ ನಾ ಭಾಳ ಹಿಗ್ಗಿದ್ದೆ."

ಮೂರು ತಿಂಗಳ ಮೇಲೆ ದವಾಖಾನೆಯ ಮೆಟ್ಟಿಲು ಹತ್ತುವಾಗ ಕಳಕಪ್ಪ ಮೊದಲಿನಂತೆಯೇ ಏದುಸಿರು ಬಿಟ್ಟ. ವೈದ್ಯರಿಗೆ ನಂಬಿಕೆ ಬರಲಿಲ್ಲ.

"ಖರೇನ ತುಳದೀರೇನು? ಬೆವರು ಬರ್ತಿತ್ತೇನು?"

"ಬೆವರು ಬಂದ್ರ ರೇಷ್ಮಿಗೆ ಕಲಿ ಬೀಳ್ತದಲ್ರಿ! ನೂಲು ಹರೀದಂಗ ಸಾವಕಾಶ ತುಳದೇನ್ರಿ, ಹಾಡ್ಕೋತ."

"ತುಳಿಯೂವಾಗ ಮಾತು ಬರಬೇಕು, ಹಾಡು ಬರಬಾರದು. ಹಾಡು ಬಂತಂದ್ರ ಎದಿಗೆ ಕೆಲಸ ಸಾಲ್ಲಿಲ್ಲ ಅಂತ ಅರ್ಥ" ಎಂದರು ವೈದ್ಯರು.

ಮೂರು ತಿಂಗಳು ಆ ಹಾಡು ಕೇಳಿ ನೆಮ್ಮದಿಯಾಗಿದ್ದವಳು ರತ್ನವ್ವನೇ. ನೂಲು ಕಟ್ಟಿದ್ದೂ ಅವಳೇ. "ಅವತ್ತು ಮಶೀನ್ ಇಲ್ಲದನ ನೆಲ ಓಡಿತ್ರಿ" ಎನ್ನುವಾಗ ಅವಳ ಕೈಯಲ್ಲಿನ ರಾಟೆ ಈಗಲೂ ನಿಲ್ಲುತ್ತದೆ.

ಮನೆಗೆ ಬಂದವಳೇ ಕತ್ತರಿ ತೆಗೆದು ಸೈಕಲ್ಲಿನ ನೂಲು ಕತ್ತರಿಸಿದಳು. ಕಳಕಪ್ಪ ಬೆಚ್ಚಿಬಿದ್ದ.

"ಲೇ ಇವಳ, ಖಾಲಿ ತುಳಿಯೂದು ಅಪಶಕುನ!"

"ನನ್ನ ಹಣಿ ಖಾಲಿ ಆಗೂದು ಶಕುನ ಏನು? ಹತ್ರಿ ಮ್ಯಾಲ!"

ಕಳಕಪ್ಪ ಹತ್ತಿದ. ಕಂಡಿಕೆಗಳೆಲ್ಲ ಮತ್ತೆ ರತ್ನವ್ವನ ಪಾಲಿಗೇ ಬಂದವು. ಅವಳು ಬೇಗ ಏಳುವುದು ಅದಕ್ಕೇ. ಹೋದ ತಿಂಗಳು ಅವನು ಅದೇ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದ್ದಾನೆ.

ಈಗ ಬೆಳಕು ಹರಿದಿದೆ. ಮೂಲೆಯಿಂದ ಭಜನೆಯ ಅರ್ಧ ಸಾಲು ಎದ್ದು, ಉಸಿರು ಸಾಲದೆ ತುಂಡಾಗುತ್ತದೆ. ರತ್ನವ್ವ ತುಟಿಯಂಚಿನಲ್ಲಿ ನಗುತ್ತಾಳೆ.

"ಇಷ್ಟ ಜೋರ್ ತುಳ್ಕೋತ ಒಂದಿನ ಪೂರಾ ಹಾಡು ಹಾಡ್ಲಿ ಅಂತ ಆಸೆರಿ" ಎಂದು ರಾಟೆಗೆ ಕೈ ಹಾಕುತ್ತಾಳೆ. "ಹಾಡಿದ ಮರುದಿನಾನ ಇನ್ನೂ ಜೋರ್ ತುಳಸ್ತೇನಿ."