ಒಂದನೇ ನಂಬರಿನ ಬಿಲ್ಲು

ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿಗೆ ಕಂಪ್ಯೂಟರು ಬಂದಾಗ ನಮ್ಮ ಮನೆಯವರು ತೀರಿಕೊಂಡು ಐದು ತಿಂಗಳಾಗಿತ್ತು. ಅದಕ್ಕೆ ಮುಂಗಡ ಕೊಟ್ಟಿದ್ದವರು ಅವರೇ. ವ್ಯಾಟ್ ಬಂದ ಮೇಲೆ ತೆರಿಗೆ ಕಚೇರಿಗೂ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಕಳಿಸುವ ಕಾಲ ಬರುತ್ತಿತ್ತು. ಕೈಬರಹದ ಬಿಲ್ಲಿಗೆ ಇನ್ನು ಆಯುಸ್ಸಿಲ್ಲ ಎಂದು ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಆಯುಸ್ಸಿನ ಮಾತು ಆ ಮನುಷ್ಯನಿಗೆ ಯಾಕೆ ಬೇಕಿತ್ತೋ.

ಅವರು ಹೋದ ದಿನ ನಾನು ಅಳಲಿಲ್ಲ. ಬಂದವರಿಗೆ ಕಾಫಿ ಸಾಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. "ಗಟ್ಟಿ ಹೆಂಗಸು" ಎಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬುದೂ ಗೊತ್ತಾಗುತ್ತಿರಲಿಲ್ಲ. ಮಿಲ್ಲಿಗೆ ಹೋಗಿ ಅವರ ಕುರ್ಚಿಯಲ್ಲಿ ಕೂತು ಬಿಲ್ಲು ಬರೆಯತೊಡಗಿದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಏಪ್ರಿಲ್‌ನಲ್ಲಿ ಹೊಸ ಬಿಲ್ ಪುಸ್ತಕ ತೆರೆದಾಗ ಒಂದನೇ ನಂಬರು ಮನೆದೇವರ ಹೆಸರಿಗೆ. ದೀಪಕ್ಕೆ ಒಂದು ಡಬ್ಬ ಶೇಂಗಾ ಎಣ್ಣೆ. ಬಿ.ಜಿ. ಕೆರೆ ಹತ್ತಿರದ ಗುಡಿಗೆ ಅವರೇ ಅದನ್ನು ಒಯ್ಯುತ್ತಿದ್ದರು. ಬಿಲ್ಲಿನ ಕೆಳಗೆ ಸರಕು ಪಡೆದವರ ಸಹಿಗೆಂದು ಒಂದು ಗೆರೆ ಇರುತ್ತಿತ್ತು. ದೇವರು ಬಂದು ಸಹಿ ಮಾಡುತ್ತಾನೆಯೇ? ಇವರೇ "ದೇವರ ಪರವಾಗಿ" ಎಂದು ಬರೆದು ತಮ್ಮ ಉದ್ದನೆಯ ಸಹಿ ಹಾಕುತ್ತಿದ್ದರು. "ಇಷ್ಟು ದೊಡ್ಡ ಗಿರಾಕಿಗೆ ನಾನೇ ಗುಮಾಸ್ತ ಕಣೇ" ಎಂದು ಮೀಸೆಯೊಳಗೇ ನಗುತ್ತಿದ್ದರು. ಮನೆಯಲ್ಲಿ ಸಾವಾದ ವರ್ಷ ಮಾತ್ರ ದೇವರ ಕೆಲಸವಿಲ್ಲ. ಮಾವ ಹೋದ ವರ್ಷ ಒಂದನೇ ಹಾಳೆಯನ್ನು ಖಾಲಿ ಬಿಟ್ಟಿದ್ದರು.

ಆ ಏಪ್ರಿಲ್‌ನಲ್ಲಿ ಕಂಪ್ಯೂಟರಿನವನು ಬಂದು ಎಲ್ಲ ಜೋಡಿಸಿದ. ಎರಡನೇ ನಂಬರಿನಿಂದ ಶುರು ಮಾಡಪ್ಪ ಎಂದೆ.

"ಆಗಲ್ಲಕ್ಕ. ಒಂದಾದ್ಮೇಲೇ ಎಲ್ಡು. ಖಾಲಿ ಬಿಟ್ರೆ ಇದು ಮುಂದಕ್ಕೇ ಹೋಗಲ್ಲ."

"ಹಂಗಾದ್ರೆ ಮೊದ್ಲು ಬಂದ ಗಿರಾಕಿಗೆ ಹಾಕು" ಎಂದೆ. ನನಗೆ ಯಾವುದಾದರೂ ಒಂದೇ ಆಗಿತ್ತು.

ಯಂತ್ರ ನೋಡಲು ಬಂದು ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದರು. "ಬ್ಯಾಡವ್ವ. ದೇವ್ರ ನಂಬರು ಮನುಷ್ಯರಿಗೆ ಕೊಡಂಗಿಲ್ಲ. ಈ ವರ್ಷ ದೇವ್ರಿಗೂ ಹಾಕಂಗಿಲ್ಲ. ನನ್ ಮಗ ಕಟ್ಟಿದ ಮಿಲ್ಲು ಇದು, ಹಾಳು ಮಾಡಬ್ಯಾಡ."

ಹೊರಗೆ ಮೊಳಕಾಲ್ಮೂರಿನ ಅಂಗಡಿಯವರ ಲಗೇಜ್ ಆಟೋ ಡಬ್ಬ ತುಂಬಿಕೊಂಡು ನಿಂತಿತ್ತು. "ಅಮ್ಮಾ, ಬಿಲ್ಲು ಕೊಡ್ರಿ, ಬಿಸ್ಲು ಏರ್ತೈತೆ" ಎಂದು ಚಾಲಕ ಕೂಗಿದ. ಬಿಲ್ಲಿಲ್ಲದೆ ಸರಕು ಗೇಟು ದಾಟುವಂತಿಲ್ಲ. ಅತ್ತೆಯ ಮೇಲೂ ಯಂತ್ರದ ಮೇಲೂ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಗಿರಾಕಿಯ ಹೆಸರು ಕೇಳುತ್ತಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಶೇಂಗಾ ಎಣ್ಣೆ, ಒಂದು ಡಬ್ಬ.

"ಯಾರ ಹೆಸ್ರಿಗೆ ಹಾಕ್ದೆ?" ಎಂದರು ಅತ್ತೆ. ಅವರಿಗೆ ಓದಲು ಬರುತ್ತಿರಲಿಲ್ಲ.

"ನಿಮ್ಮ ಮಗನ ಹೆಸ್ರಿಗೆ."

ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಮೂಲೆಯಲ್ಲಿ ಕೂತರು. "ಹೂಂ. ಆಗ್ತೈತೆ. ಹೊಲದಾಗೆ ಅವನ್ನ ಮಣ್ಣು ಮಾಡಿದ ಗುಂಡಿ ಹತ್ರ ದೀಪ ಹಚ್ಚಾಕೂ ಎಣ್ಣೆ ಬೇಕಲ್ಲ."

ಪ್ರಿಂಟರು ಕರಕರ ಎನ್ನುತ್ತ ಬಿಲ್ಲನ್ನು ಹೊರಗೆ ತಳ್ಳಿತು. ಎರಡನೇ ನಂಬರಿನ ಬಿಲ್ಲು ಪಡೆದು ಆಟೋ ಹೊರಟಿತು. ಕಂಪ್ಯೂಟರಿನವನು ಒಂದನೇ ಬಿಲ್ಲನ್ನು ಪ್ರಿಂಟರಿನಿಂದ ಹರಿದು ತೆಗೆದು ನನ್ನ ಮುಂದಿಟ್ಟು, "ಸರಕು ಪಡೆದವ್ರ ಸಹಿ ಒಂದು ಹಾಕ್ಸಿಬಿಡಿ ಅಕ್ಕ" ಎಂದ. ಪ್ರಿಂಟರಿಗೆ ಕಾಗದ ಹಾಕುತ್ತಿದ್ದ ಅವನು ನಮ್ಮ ಮಾತು ಕೇಳಿಸಿಕೊಂಡಿರಲಿಲ್ಲ, ಹೆಸರು ಯಾರದೆಂದೂ ಗೊತ್ತಿರಲಿಲ್ಲ.

ಅದೇ ಗೆರೆ ಕೆಳಗಿತ್ತು. ಪೆನ್ನು ತೆಗೆದು ಅವರ ಹೆಸರು ಬರೆದೆ. ಅದರ ಮುಂದೆ "ಪರವಾಗಿ" ಎಂದು ಬರೆದು ನನ್ನ ಸಹಿ ಹಾಕುತ್ತಿರುವಾಗ, ಐದು ತಿಂಗಳಿಂದ ಬಾರದ ಅಳು ಬಂತು.