ಕೆಂಪು ಬಣ್ಣದ ಊರಿನ ಡ್ರೋನ್ ಅಕ್ಕ

ಹತ್ತಿ ಬಿಡಿಸಿ ಬಿಡಿಸಿ ಅಕ್ಕನ ಎರಡೂ ಹೆಬ್ಬೆರಳು ಸೀಳಿದ್ದವು. ಡ್ರೋನ್ ಹಾರಿಸುವ ಹಿಂದಿನ ದಿನವೇ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು, ಬೆಳಿಗ್ಗೆ ಸೆರಗಿನಿಂದ ಒರೆಸಿಕೊಂಡೇ ರಿಮೋಟ್ ಮುಟ್ಟುತ್ತಿದ್ದಳು. “ಬೆರಳು ಒರಟಾದ್ರ ಡ್ರೋನೂ ಒರಟಾಗತೈತಿ ತಮ್ಮಾ” ಅನ್ನುವಳು.

ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಡ್ರೋನಿನ ಹುಚ್ಚು ಹಿಡಿಸಿಕೊಂಡವನು. ಅಕ್ಕ ಪಕ್ಕದ ಮನೆಯವಳು. ಊರಿನ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಾಗ, ಸಂಘದಲ್ಲಿ ಹತ್ತನೇ ತರಗತಿ ಪಾಸಾದವಳು ಅವಳೊಬ್ಬಳೇ. ತರಬೇತಿಗೆ ಹೋಗಿ ಪೈಲಟ್ ಸರ್ಟಿಫಿಕೇಟ್ ತಂದಳು. ಆದರೆ ಕೊಪ್ಪಳ ಕಡೆಯ ನಮ್ಮೂರಿನ ಆಚೆ ಸಣ್ಣ ವಿಮಾನ ಇಳಿಯುವ ರನ್‌ವೇ ಇದೆ. ಹಾಗಾಗಿ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಊರಿಗೆ ಊರೇ ಕೆಂಪು. ಹಸಿರಿದ್ದರೆ ಗೊತ್ತುಮಾಡಿದ ಎತ್ತರದೊಳಗೆ ಹಾರಿಸಬಹುದು, ಹಳದಿ ಇದ್ದರೆ ವಿಮಾನ ನಿಯಂತ್ರಣದವರನ್ನು ಕೇಳಬೇಕು, ಕೆಂಪಿಗೆ ದಿಲ್ಲಿಯ ಅನುಮತಿಯೇ ಬೇಕು. ಇದನ್ನು ಯಾವ ವಿಡಿಯೊವೂ ನನ್ನ ತಲೆಗೆ ಹತ್ತಿಸಿರಲಿಲ್ಲ. ಹತ್ತಿಸಿದವಳು ಅಕ್ಕ.

ಕಾರಟಗಿ ಕಡೆಯ ಸಿದ್ದಾಪುರದ ಭತ್ತದ ಗದ್ದೆಗಳಲ್ಲಿ ನಕ್ಷೆ ಹಸಿರು. ಬಾಡಿಗೆ ಗಾಡಿಯಲ್ಲಿ ಡ್ರೋನ್ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲೂ ಏಳಿಸುವ ಮೊದಲು ರಿಮೋಟ್ ಕೆಳಗಿಟ್ಟು, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಲ್ಲುವಳು. “ಮ್ಯಾಲ ಯಾರರೆ ಅದೀರೇನ್ರಿ?” ಎಂದು ಮುಗಿಲಿಗೆ ಕೇಳುವಳು. ಗದ್ದೆಯವರು ನಗುವರು.

ಅವಳ ಮಾವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ನಾಲಿಗೆ ಮಾತ್ರ ಚುರುಕು. ಮಂಚದ ಪಕ್ಕದಲ್ಲೇ ಡ್ರೋನ್, ಮೇಲೊಂದು ಚಾದರ.

“ಯವ್ವಾ, ನಿನ್ನ ವಿಮಾನ ಹೊಸಾ ಸೊಸಿ ಹಂಗ ಮುಸುಕು ಹಾಕ್ಕೊಂಡು ಕುಂತೈತಲ್ಲ! ನಮ್ಮ ಹೊಲದ ಮ್ಯಾಲ ಒಮ್ಮೆ ಹಾರ್ಸು. ಕಿಡಕ್ಯಾಗಿಂದ ನೋಡಿ ಹೋಗತೀನಿ.”

“ಅರ್ಜಿ ಹಾಕೀನ್ರಿ ಮಾವಾರ. ಹೂಂ ಅಂದ ಕೂಡ್ಲೇ ಮೊದಲ ನಿಮಗ ತೋರಸ್ತೀನಿ.”

ದಿಲ್ಲಿಯವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮಾವ ದಿನದಿನಕ್ಕೆ ಕುಗ್ಗಿದ. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ನಸುಕಿನ್ಯಾಗ ಒಂದೀಟು ಹಾರಿಸಿ ಇಳಸೋಣು. ಯಾವ ವಿಮಾನ ಬರತೈತಿ ಇಲ್ಲಿ? ರನ್‌ವೇ ಮ್ಯಾಲ ನಾಯಿ ಮಕ್ಕೊಂಡಿರತಾವು!”

“ಬರೋ ವಿಮಾನ ನನ್ನ ಕೇಳಿ ಬರತೈತೇನೋ? ಅದರಾಗೂ ಯಾರದರೆ ಮಾವ ಇರತಾನ.”

ಅದೇ ವಾರ ಊರಿನ ಮದುವೆಯೊಂದರಲ್ಲಿ, ಗಂಗಾವತಿಯಿಂದ ಬಂದ ಫೋಟೊಗ್ರಾಫರ್ ಡ್ರೋನ್ ಎಬ್ಬಿಸಿಬಿಟ್ಟ. ಅಕ್ಕ ಊಟದ ಎಲೆ ಬಿಟ್ಟು ಎದ್ದಳು.

“ಇಳಸಪ್ಪಾ, ಇದು ಕೆಂಪು ಐತಿ.”

“ನಿಮ್ದು ಹಾರಂಗಿಲ್ಲ ಅಂತ ಹೊಟ್ಟಿಕಿಚ್ಚೇನ್ರಿ ಅಕ್ಕಾರ?”

ಸುತ್ತಲಿದ್ದವರು ಗೊಳ್ಳೆಂದರು. ಅದು ಇಳಿಯುವವರೆಗೂ ಅಕ್ಕ ರನ್‌ವೇ ಕಡೆಯ ಮುಗಿಲು ನೋಡುತ್ತಲೇ ನಿಂತಳು. ಯಾವ ವಿಮಾನವೂ ಬರಲಿಲ್ಲ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಮನೆಗೆ ಬಂದರೆ ಮಾವನ ಮುಖ ಅರಳಿತ್ತು. “ಯವ್ವಾ, ಕಿಡಕ್ಯಾಗ ಕಂಡೆ! ನಿಂದು ಹಾರಿತಲ್ಲ!”

ಹೂಂ ಅನ್ನು ಅಕ್ಕಾ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

“ಅಲ್ರಿ ಮಾವಾರ. ಅದು ಬ್ಯಾರೆದವರದು.”

ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ಹತ್ತಿ ಒಡೆಯುವ ಹೊತ್ತಿಗೆ ಹೋಗಿಬಿಟ್ಟ. ಅರ್ಜಿ ಇವತ್ತಿಗೂ ಹಾಗೇ ಇದೆ. ಊರಲ್ಲಿ ಕೆಲಸವಿಲ್ಲ, ಹೊರಗೆ ಒಯ್ದರೆ ಗಾಡಿ ಬಾಡಿಗೆಯೂ ಗಿಟ್ಟುವುದಿಲ್ಲವೆಂದು ಸಂಘದವರು ಡ್ರೋನನ್ನು ಕಾರಟಗಿಯ ಸಂಘಕ್ಕೆ ಒಪ್ಪಿಸಿದರು. ಮದುವೆಯವರು ಊರಲ್ಲಿ ಹಾರಿಸುತ್ತಲೇ ಇದ್ದಾರೆ.

ಈಗ ನಾನೂ ಪೈಲಟ್. ಹಸಿರು ಗದ್ದೆಯಲ್ಲೂ ರಿಮೋಟ್ ಕೆಳಗಿಟ್ಟು, ಕಣ್ಣು ಮುಚ್ಚಿ, ಮೇಲೆ ಯಾರಾದರೂ ಇದ್ದೀರಾ ಎಂದು ಕೇಳಿಯೇ ಏಳಿಸುತ್ತೇನೆ. ನನ್ನನ್ನು ನೋಡಿಯೂ ನಗುತ್ತಾರೆ.

ಮೊನ್ನೆ ನನ್ನ ಸರ್ಟಿಫಿಕೇಟ್ ತೋರಿಸಲು ಹೋದೆ. ಅಕ್ಕ ಹತ್ತಿ ಬಿಡಿಸುತ್ತಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಹಿಡಿದಳು. ಹೆಬ್ಬೆರಳ ಬಿರುಕಿನಲ್ಲಿ ರಕ್ತ ಒಣಗಿತ್ತು.

“ಎಣ್ಣಿ ಹಚ್ಚೋದು ಬಿಟ್ಟಿಯೇನಕ್ಕಾ?”

“ಇನ್ಯಾತಕ ತಮ್ಮಾ?”