ಸಂಡಿಗೆ ಕಾಯುವ ಕ್ಲಾಸು

ನೋಡ್ರಪ್ಪಾ, ಮಗಳ ಬೇಸಿಗೆ ರಜೆ ಹಾಳಾಗಬಾರದು ಅಂತ ಆನ್‌ಲೈನ್ ಕನ್ನಡ ಕ್ಲಾಸಿಗೆ ಸೇರಿಸಿದ್ದೆ. ಒಂಬತ್ತನೇ ಕ್ಲಾಸು ಮುಗಿಸಿದ್ದಾಳೆ, ಬೆಳೆದದ್ದೆಲ್ಲ ಚೆನ್ನೈನ ಅಡ್ಯಾರಿನಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಉತ್ತರ ತಮಿಳಿನಲ್ಲೇ.

ಇವತ್ತು ಮನೆಯಲ್ಲಿದ್ದೆ. ಹತ್ತಕ್ಕೆ ಕ್ಲಾಸು ಶುರುವಾಯಿತು, ಇವಳು ನಾಪತ್ತೆ. ನೋಡಿದರೆ ತಾರಸಿ ಮೇಲೆ, ಮೈಸೂರಿನಿಂದ ಬಂದಿರುವ ನನ್ನ ಅಮ್ಮನ ಜೊತೆ ಸಂಡಿಗೆ ಕಾಯುತ್ತಾ ಕೂತಿದ್ದಾಳೆ! ಹದಿನೈದು ದಿನದಿಂದ ಇದೇ ಕೆಲಸವಂತೆ.

"ಕ್ಲಾಸ್ ಬಿಟ್ಟು ಇಲ್ಲೇನ್ ಮಾಡ್ತಿದೀಯ?" ಅಂತ ರೇಗಿದೆ.

"ಅಪ್ಪಾ, ಆಮೇಲೆ ಬೈಯುವಂತೆ. ನಿನ್ ಹಿಂದೆ ಕಾಗೆ ಬಂತು, ಮೊದ್ಲು ಅದನ್ನ ಓಡ್ಸು!" ಅಂದಳು. ಅಚ್ಚ ಮೈಸೂರು ಕನ್ನಡ, ಥೇಟ್ ಅವಳ ಅಜ್ಜಿಯ ಗದರಿಕೆ.

ತೆಪ್ಪಗೆ ಕಾಗೆ ಓಡಿಸಿದೆ. ಕೆಳಗೆ ಲ್ಯಾಪ್‌ಟಾಪಿನಲ್ಲಿ ಮೇಷ್ಟ್ರು ಖಾಲಿ ಕುರ್ಚಿಗೆ ಅ ಆ ಇ ಈ ಹೇಳಿಕೊಡುತ್ತಿದ್ದರು.